ಮುಸ್ಸಂಜೆಗೆ ಕಡಿದುಹೋಗುತ್ತಿದ್ದ ಲೈನು

ಕೊಳ್ಳೇಗಾಲದಿಂದ ಹನೂರಿನವರೆಗೆ ರಸ್ತೆಯ ಎರಡೂ ಕಡೆಯ ಹಳ್ಳಿಗಳಲ್ಲಿ ಯಾರ ಮನೆಯ ಇಂಟರ್ನೆಟ್ ಕೆಟ್ಟರೂ ಫೋನ್ ಹೋಗುವುದು ರುದ್ರಸ್ವಾಮಿಗೆ. ವಯಸ್ಸು ಐವತ್ಮೂರು. ಹುಟ್ಟೂರು ಯಳಂದೂರಿನ ಕಡೆ, ಸಂಸಾರ ಹೂಡಿದ್ದು ಕೊಳ್ಳೇಗಾಲದಲ್ಲಿ. ಬೈಕಿನ ಹಿಂದೆ ಮಡಚುವ ಏಣಿ, ಹೆಗಲಿಗೆ ಒಂದು ಚೀಲ, ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ಕು. ಕೆಲಸ ಮುಗಿಸಿದ ಮೇಲೆ ಅವನು ಎಲ್ಲವನ್ನೂ ಫೋಟೋ ತೆಗೆದುಕೊಳ್ಳುತ್ತಿದ್ದ. ಏಣಿ ಎಲ್ಲಿ ಹಾಕಿದೆ, ತಂತಿ ಎಲ್ಲಿ ಎಳೆದೆ, ಎಷ್ಟು ಹೊತ್ತಿಗೆ ಬಂದೆ, ಎಷ್ಟು ಹೊತ್ತಿಗೆ ಹೋದೆ ಎಂದು ಬರೆದುಕೊಳ್ಳುತ್ತಿದ್ದ. ಮನೆಯವರು ಕಾಫಿ ಕೊಟ್ಟರೆ ಬೇಡ ಅನ್ನುತ್ತಿರಲಿಲ್ಲ, ಆದರೆ ಒಳಗೆ ಹೋಗಿ ಕುಡಿಯುತ್ತಿರಲಿಲ್ಲ. ಆಮೇಲೆ ಏನಾದರೂ ಕಳೆದುಹೋದರೆ ತನ್ನ ಮೇಲೆ ಬರಬಾರದು ಎಂಬ ಲೆಕ್ಕ.

ಈ ಲೆಕ್ಕಕ್ಕೆ ಕಾರಣವಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಅವನು ಒಬ್ಬ ಕಂಟ್ರಾಕ್ಟರನ ಕೆಳಗೆ ಟೆಲಿಫೋನ್ ಲೈನ್‌ಮ್ಯಾನ್ ಆಗಿದ್ದ. ಕಾಮಗೆರೆಯಿಂದಾಚೆ ಒಂದು ರಾತ್ರಿ ಅರ್ಧ ಮೈಲಿ ತಾಮ್ರದ ಕೇಬಲ್ಲನ್ನು ಯಾರೋ ಕತ್ತರಿಸಿ ಹೊತ್ತುಕೊಂಡು ಹೋದರು. ಆ ಲೈನಿನಲ್ಲಿ ಕೊನೆಗೆ ಕೆಲಸ ಮಾಡಿದವನು ರುದ್ರಸ್ವಾಮಿ. ಠಾಣೆಗೆ ಕರೆಸಿ ಬೆಳಗ್ಗೆಯಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ಮನೆಗೆ ಬಂದು ಹುಡುಕಿದರು. ರಾಗಿ ತುಂಬಿದ್ದ ಡ್ರಮ್ಮನ್ನು ನಡುಮನೆಯಲ್ಲಿ ಸುರಿದು ಕೋಲಿನಿಂದ ಕೆದಕಿದರು. ಏನೂ ಸಿಗಲಿಲ್ಲ. ಕಳ್ಳ ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾಗದೆ ಹೋದದ್ದರಿಂದಲೇ ಆ ಕಳವಿನ ಅಪವಾದ ರುದ್ರಸ್ವಾಮಿಯ ಮೈಗೆ ಅಂಟಿಕೊಂಡಿತು. ಜನ ಅನುಮಾನ ಪಡುವುದಕ್ಕೆ ಮೊದಲು ತಾನೇ ಜನರನ್ನು ಅನುಮಾನಿಸುವುದು ಮೇಲು ಎಂದು ಅವನು ಅಂದು ಕಲಿತದ್ದು ಇಂದಿನವರೆಗೂ ನಡೆದುಬಂದಿತ್ತು.

ಹೋದ ವರ್ಷ ಡಿಸೆಂಬರಿನಲ್ಲಿ ಶಾಗ್ಯದಿಂದ ಕೋಮಲ ಎಂಬ ಹೆಣ್ಣುಮಗಳು ನಾಲ್ಕನೇ ಸಲ ಫೋನ್ ಮಾಡಿದಳು. ಅವಳ ತವರು ಗೋಪಿನಾಥಂ. ಮೊದಲು ನರ್ಸ್ ಆಗಿದ್ದವಳು, ಸ್ಕೂಟರಿನಿಂದ ಬಿದ್ದು ಬೆನ್ನುಮೂಳೆಗೆ ಏಟಾದ ಮೇಲೆ ಹೆಚ್ಚು ಹೊತ್ತು ನಿಲ್ಲಲಾಗದೆ ಕೆಲಸ ಬಿಟ್ಟಿದ್ದಳು. ಈಗ ಫೋನಿನಲ್ಲಿ ಆರೋಗ್ಯ ಸಲಹೆ ಕೊಡುವ ಒಂದು ಕಂಪನಿಗೆ ಮನೆಯಿಂದಲೇ ದುಡಿಯುತ್ತಿದ್ದಳು. ಸಂಜೆ ಐದರಿಂದ ಒಂಬತ್ತರವರೆಗೆ ಪಾಳಿ. ಗಡಿಯ ಊರಲ್ಲಿ ಬೆಳೆದವಳಾದ್ದರಿಂದ ಕನ್ನಡವೂ ತಮಿಳೂ ಒಂದೇ ಸಮ ಬರುತ್ತಿತ್ತು. ಕೆಲಸ ಸಿಕ್ಕಿದ್ದೂ ಅದಕ್ಕೇ. ಗಂಡ ಮಾದೇಶ ಬಸ್ ಕಂಡಕ್ಟರು, ಎರಡು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ.

ಅವಳ ದೂರು ಒಂದೇ. ಕತ್ತಲಾಗುವ ಹೊತ್ತಿಗೆ ಲೈನು ಕಡಿದುಹೋಗುತ್ತದೆ. ಬರುತ್ತದೆ, ಮತ್ತೆ ಹೋಗುತ್ತದೆ. ಬೆಳಗ್ಗೆ ನೋಡಿದರೆ ಏನೂ ಆಗಿಯೇ ಇಲ್ಲ ಎಂಬಂತೆ ಓಡುತ್ತಿರುತ್ತದೆ. ಶಾಗ್ಯಕ್ಕೆ ಆಗ ನೆಲದ ಕೇಬಲ್ ಬಂದಿರಲಿಲ್ಲ. ತಾರಸಿಯ ಮೇಲೆ ಒಂದು ಡಿಶ್ಶು ಕೂರಿಸಿ, ದೂರದ ಟವರಿನಿಂದ ಗಾಳಿಯಲ್ಲಿ ಸಿಗ್ನಲ್ ಹಿಡಿದು, ಕೇಬಲ್ಲಿನಲ್ಲಿ ಮನೆಯೊಳಗಿನ ವೈಫೈ ಬಾಕ್ಸಿಗೆ ಇಳಿಸಬೇಕು. ರುದ್ರಸ್ವಾಮಿಯೇ ಅದನ್ನು ಹಾಕಿದ್ದವನು. ಮೂರು ಸಲ ಹಗಲು ಹೊತ್ತಿನಲ್ಲಿ ಬಂದು ನೋಡಿದ್ದ. ಮೂರು ಸಲವೂ ಎಲ್ಲ ಸರಿಯಾಗಿತ್ತು. ಈ ಹೆಂಗಸು ಕೆಲಸಕ್ಕೆ ಚಕ್ಕರ್ ಹೊಡೆದು ಲೈನಿನ ಮೇಲೆ ಹಾಕುತ್ತಿದ್ದಾಳೆ ಎಂದು ಅವನಿಗೆ ಒಳಗೊಳಗೇ ಗುಮಾನಿ. ಇವನು ಕಾಟಾಚಾರಕ್ಕೆ ಬಂದು ಹೋಗುತ್ತಿದ್ದಾನೆ ಎಂದು ಅವಳಿಗೆ.

ನಾಲ್ಕನೇ ಸಲ ಬಂದಾಗ ಕೋಮಲ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದಳು. ದನಿ ಎತ್ತರಿಸಲಿಲ್ಲ.

"ರುದ್ರಣ್ಣ, ಮೊನ್ನೆ ಒಬ್ಳು ಬಾಣಂತಿ ಫೋನ್ ಮಾಡಿದ್ಲು. ಮಗೀಗೆ ಫಿಟ್ಸು. ಒಂದು ಮಗ್ಗುಲಿಗೆ ಮಲುಗ್ಸು, ಬಾಯಿಗೆ ಏನೂ ಆಕ್ಬೇಡ ಅಂತ ಏಳ್ತಾ ಇದ್ದೆ. ಅರ್ಧದಲ್ಲಿ ಕಟ್ಟಾಯ್ತು. ಆ ಮಗೀಗೆ ಏನಾಯ್ತೋ ನಂಗಿನ್ನೂ ಗೊತ್ತಿಲ್ಲ."

ಅವಳು ಒಂದು ಹಾಳೆ ಕೊಟ್ಟಳು. ಹದಿನೆಂಟು ದಿನ, ದಿನಾ ಲೈನು ಮೊದಲ ಸಲ ಕಡಿದ ಹೊತ್ತನ್ನು ಬರೆದಿಟ್ಟಿದ್ದಳು. ಆರು ಗಂಟೆ ಎಂಟು ನಿಮಿಷ, ಆರು ಏಳು, ಆರು ಹತ್ತು. ಒಂದು ದಿನ ಮಾತ್ರ ಐದೂ ಇಪ್ಪತ್ತಕ್ಕೇ ಹೋಗಿತ್ತು. ಬರೆದಿಡುವ ಬುದ್ಧಿ ಅವನದೂ ಹೌದಾದ್ದರಿಂದ ಆ ಹಾಳೆಯನ್ನು ನೋಡಿದ ಮೇಲೆ ಕೋಮಲಳ ಮೇಲಿದ್ದ ಗುಮಾನಿ ಹೋಯಿತು. ಆದರೆ ಗುಮಾನಿಯೇ ಹೋಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೆ. ಇಷ್ಟು ಹೊತ್ತಿಗೆ ಸರಿಯಾಗಿ ಕೆಡುತ್ತದೆ ಎಂದರೆ ಇದು ಮನುಷ್ಯರ ಕೆಲಸ ಎಂದು ಅವನಿಗನ್ನಿಸಿತು.

ದಿನಾ ಆರಕ್ಕೆ ಈ ಕಡೆ ಯಾರು ಬರುತ್ತಾರೆ ಎಂದು ಕೇಳಿದ. ಕೋಮಲ ಹಿತ್ತಲಿನ ಗೋಡೆಯ ಕಡೆ ನೋಡಿದಳು.

ಗೋಡೆಯಾಚೆ ಶಿವಯ್ಯನ ಮನೆ. ಶಿವಯ್ಯ ಅವಳ ಸತ್ತುಹೋದ ಮಾವನ ತಮ್ಮ, ಅರವತ್ತೈದು ದಾಟಿದವನು. ಹಿತ್ತಲಿನ ಚರಂಡಿ ನೀರು ಯಾರ ಕಡೆ ಹರಿಯಬೇಕು ಎಂಬುದರ ಮೇಲೆ ಎರಡು ಮನೆಗೂ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಆತ ದಿನಾ ಕತ್ತಲಾಗುವ ಹೊತ್ತಿಗೆ ದನ ಹೊಡೆದುಕೊಂಡು ಬರುತ್ತಾನೆ, ಬಂದವನೇ ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಮಿಷನ್ ಹಾಕುತ್ತಾನೆ ಎಂದಳು. ಐದೂ ಇಪ್ಪತ್ತಕ್ಕೆ ಲೈನು ಹೋದ ದಿನ ಏನಾಗಿತ್ತು ಎಂದು ರುದ್ರಸ್ವಾಮಿ ಕೇಳಿದ. ಅವತ್ತು ಮೋಡ ಮುಚ್ಚಿಕೊಂಡು ಮಳೆ ಬಂದಿತ್ತು. ಸಣ್ಣಮಾವ ದನ ಬೇಗ ಹೊಡೆದುಕೊಂಡು ಬಂದಿದ್ದ.

ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಆ ದಿನ ಅವನು ಸಂಜೆಯವರೆಗೂ ಉಳಿದ. ಮುಂದಿನ ಕೋಣೆಯಲ್ಲಿ ವೈಫೈ ಬಾಕ್ಸಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಆರಾಯಿತು. ಹಿತ್ತಲಿನ ಕಡೆ ದನಗಳ ಗೊರಸಿನ ಸದ್ದು, ಕೊಟ್ಟಿಗೆಯ ಅಗುಳಿ ತೆಗೆದ ಸದ್ದು. ಮಿಷನ್ ಗರ್ರೆಂದಿತು. ಬಾಕ್ಸಿನ ಹಸಿರು ದೀಪ ಕೆಂಪಾಯಿತು. ಕೋಮಲ ಕಿವಿಯಿಂದ ಹೆಡ್‌ಫೋನ್ ತೆಗೆದು ಅವನನ್ನೇ ನೋಡಿದಳು.

ರುದ್ರಸ್ವಾಮಿ ಎದ್ದು ನೇರ ಶಿವಯ್ಯನ ಮನೆಗೆ ಹೋದ. ಎದುರಿಗೇ ಹಾಲಿನ ಡೇರಿ. ಸಂಜೆಯ ಹಾಲು ಅಳೆಸಲು ಕ್ಯಾನು ಹಿಡಿದು ಹತ್ತು ಹದಿನೈದು ಜನ ನಿಂತಿದ್ದರು. ಅವರಿಗೆ ಕೇಳಲಿ ಎಂದೇ ಅವನು ಬೀದಿಯಲ್ಲಿ ನಿಂತು ಮಾತಾಡಿದ.

"ಲೈನು ತಾನಾಗಿ ಸಾಯಕಿಲ್ಲ ಯಜಮಾನ್ರೆ, ಸಾಯ್ಸೋರು ಇದ್ರೇನೇ ಸಾಯೋದು. ನೀವು ಕೊಟ್ಗೆಗೆ ಬಂದೇಟ್ಗೆ ಆ ಮನೆ ಲೈನು ಓಯ್ತದೆ. ಒಳಗೇನಿಟ್ಟಿದ್ದೀರಿ?"

ಶಿವಯ್ಯ ಮಿಷನ್ ನಿಲ್ಲಿಸಿ ಹೊರಗೆ ಬಂದ. ತೋಳಿನ ತುಂಬ ಜೋಳದ ಕಡ್ಡಿಯ ಚೂರು. ಅವನು ಜಗಳಕ್ಕೆ ನಿಲ್ಲಲಿಲ್ಲ. ಬಾಗಿಲನ್ನು ಅಗಲಕ್ಕೆ ತೆರೆದ. ಮಿಷನ್ನಿನ ಮುಚ್ಚಳ ಬಿಚ್ಚಿದ. ಹುಲ್ಲಿನ ಮೆದೆಯನ್ನು ಒಂದೊಂದೇ ಕಂತೆ ಎತ್ತಿ ಪಕ್ಕಕ್ಕಿಟ್ಟ. ಮನೆಯೊಳಗಿನ ಟ್ರಂಕನ್ನೂ ಹೊರತಂದು ಬೀಗ ತೆಗೆದ. ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಡೇರಿಯ ಜನ ಹತ್ತಿರಕ್ಕೆ ಬಂದು ಇಣುಕಿದರು. ರುದ್ರಸ್ವಾಮಿ ಟಾರ್ಚ್ ಹಿಡಿದು ಎಲ್ಲ ನೋಡಿದ. ಏನೂ ಇರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಊರೆಲ್ಲ ಕಪ್ಪಾಯಿತು. ಒಂದು ನಿಮಿಷ ಆಗಿರಬಹುದು, ಕೋಮಲ ತನ್ನ ಬಾಗಿಲಿಂದ ಕೂಗಿ ಲೈನು ಬಂತು ಎಂದಳು. ಪಾಳಿಯ ಕೆಲಸಕ್ಕೆಂದು ಅವಳ ಕೋಣೆಗೆ ಯುಪಿಎಸ್ ಇತ್ತು, ಬಾಕ್ಸು ಅದರ ಮೇಲೆ ಓಡುತ್ತಿತ್ತು. ಜನರೊಳಗೆ ಗುಸುಗುಸು ಎದ್ದಿತು. ಶಿವಯ್ಯನ ಮಿಷನ್ನಿಗೆ ಕರೆಂಟಿಲ್ಲ, ಇವಳ ಲೈನು ಬಂತು, ಇನ್ನು ಹೇಳುವುದೇನಿದೆ ಎಂದು ಯಾರೋ ಅಂದರು. ಕೇಸು ಗೆದ್ದವನಂತೆ ರುದ್ರಸ್ವಾಮಿ ಟಾರ್ಚ್ ಆರಿಸಿ ಚೀಲಕ್ಕೆ ಹಾಕಿಕೊಂಡ.

ಶಿವಯ್ಯ ಟ್ರಂಕಿನ ಬೀಗ ಹಾಕುತ್ತ ಒಂದೇ ಮಾತಂದ. "ಮಿಷನ್ನು ನಾನು ಆಗ್ಲೇ ನಿಲ್ಸಿದ್ದೆ. ಕರೆಂಟು ಓಗಿದ್ದು ಬರೀ ನನ್ ಮನೇಗಲ್ಲ."

ಕೊಳ್ಳೇಗಾಲಕ್ಕೆ ಬರುವ ದಾರಿಯುದ್ದಕ್ಕೂ ಆ ಮಾತು ಕಾಲಿಗೆ ಹೊಕ್ಕ ಮುಳ್ಳಿನಂತೆ ಚುಚ್ಚುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ನಡೆದದ್ದನ್ನೆಲ್ಲ ಹೆಂಡತಿ ಮಹಾಲಕ್ಷ್ಮಮ್ಮನಿಗೆ ಹೇಳಿದ. ಕಳ್ಳನನ್ನು ಹಿಡಿದೆ ಎಂಬ ದನಿಯಲ್ಲೇ ಶುರು ಮಾಡಿದ. ಟ್ರಂಕಿನ ಮಾತು ಬಂದಾಗ ಅವಳು ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ಏನಾರಾ ಸಿಕ್ತಾ?"

ಇಲ್ಲ ಎಂದ.

"ನಮ್ ರಾಗಿಯೊಳಗೂ ಏನೂ ಸಿಕ್ಕಿರ್ನಿಲ್ಲ," ಎಂದಳು ಮಹಾಲಕ್ಷ್ಮಮ್ಮ. ಅವನ ತಟ್ಟೆಗೆ ಸಾರು ಬಡಿಸಿ ಒಳಗೆ ಹೋದಳು.

ರುದ್ರಸ್ವಾಮಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆದರೂ ಶಿವಯ್ಯ ತಪ್ಪಿತಸ್ಥನಲ್ಲ ಎಂದು ಒಪ್ಪಲು ಮನಸ್ಸು ಬರಲಿಲ್ಲ. ಆ ಮುದುಕ ಅಷ್ಟು ಸುಲಭವಾಗಿ ಬಾಗಿಲು ತೆರೆದದ್ದೇ ಅನುಮಾನಕ್ಕೆ ಕಾರಣ ಎಂದುಕೊಂಡ. ತಪ್ಪು ಮಾಡದವನಾಗಿದ್ದರೆ ಬೈಯಬೇಕಿತ್ತಲ್ಲ? ಹೀಗೆ ಅಂದುಕೊಂಡ ಮರುಕ್ಷಣ ತಾನು ಅಂದು ಠಾಣೆಯ ಬೆಂಚಿನ ಮೇಲೆ ಯಾರನ್ನೂ ಬೈಯದೆ ಕೂತಿದ್ದು ನೆನಪಾಯಿತು.

ನಾಲ್ಕು ದಿನ ಕಳೆಯಿತು. ಕೋಮಲ ಮತ್ತೆ ಫೋನ್ ಮಾಡಿದಳು. ಶಿವಯ್ಯನೂ ಹೆಂಡತಿಯೂ ಮೂರು ದಿನದಿಂದ ಯಳಂದೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ, ಮನೆಗೆ ಬೀಗ ಬಿದ್ದಿದೆ, ದನಗಳನ್ನು ಬೇರೆಯವರ ಕೊಟ್ಟಿಗೆಯಲ್ಲಿ ಕಟ್ಟಿದ್ದಾರೆ. ಮಿಷನ್ನಿನ ಸದ್ದೇ ಇಲ್ಲ. ಲೈನು ಮಾತ್ರ ಮೂರು ದಿನವೂ ಆರು ಗಂಟೆ ಹತ್ತಕ್ಕೆ ಹೋಗಿದೆ. ಸಣ್ಣಮಾವನ ಕಡೆ ನೋಡಿದ್ದು ನಾನೇ, ಹೆಸರು ಹೇಳಿದ್ದೂ ನಾನೇ ಎಂದಳು.

ಆ ಮಧ್ಯಾಹ್ನ ರುದ್ರಸ್ವಾಮಿ ಪೆಟ್ಟಿಗೆಯ ತಳದಲ್ಲಿದ್ದ ಅಂಗೈಯಗಲದ ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ತೆಗೆದು ಸೆಲ್ಲು ಹಾಕಿದ. ಲೈನ್‌ಮ್ಯಾನ್ ಆಗಿದ್ದಾಗ ಅವನಿಗೆ ಕೆಲಸ ಕಲಿಸಿದ ಮುತ್ತಯ್ಯ ಮೇಸ್ತ್ರಿ ಅಂಥದ್ದೊಂದನ್ನು ಇಟ್ಟುಕೊಂಡಿದ್ದ. ಕರೆಂಟಿನ ಕಂಬದಿಂದ ಟೆಲಿಫೋನಿಗೆ ಗೊರಗೊರ ಬಂದರೆ, ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ರೇಡಿಯೋ ಹಿಡಿದು ಕಂಬದಿಂದ ಕಂಬಕ್ಕೆ ನಡೆಯುತ್ತಿದ್ದ. ಎಲ್ಲಿ ರೇಡಿಯೋ ಅರಚುತ್ತದೋ ಅಲ್ಲಿ ರೋಗ. ಕರೆಂಟು ಹೋದಾಗ ಲೈನು ಬಂದದ್ದು ನಿಜ. ಅಂದರೆ ಕರೆಂಟಿನ ಯಾವುದೋ ವಸ್ತು ಕೆಡಿಸುತ್ತಿದೆ. ಶಿವಯ್ಯನ ಮನೆಗೆ ಬೀಗ. ಹಾಗಾದರೆ ಆ ವಸ್ತು ಇನ್ನೆಲ್ಲಿದೆ?

ಶಾಗ್ಯ ತಲುಪಿದಾಗ ಮೂರೂವರೆ. ಕೋಮಲಳ ಮನೆಯ ಫ್ರಿಜ್ಜು, ಯುಪಿಎಸ್, ಟಿವಿ ಒಂದೊಂದರ ಹತ್ತಿರವೂ ರೇಡಿಯೋ ಹಿಡಿದ. ಅಲ್ಲಲ್ಲಿ ಸಣ್ಣಗೆ ಗುಂಯ್ ಎಂದಿತೇ ಹೊರತು ಹೆಚ್ಚೇನಿಲ್ಲ. ಹಿತ್ತಲಿಗೆ ಹೋಗಿ ತಲೆ ಎತ್ತಿದ. ತಾರಸಿಯ ಅಂಚಿನ ಕೆಳಗೆ ಒಂದು ದೊಡ್ಡ ಎಲ್‌ಇಡಿ ದೀಪ. ಕಾರ್ತಿಕ ಮಾಸದಲ್ಲಿ ಹಿತ್ತಲಿನಿಂದ ಚಿರತೆ ನಾಯಿಯನ್ನು ಹೊತ್ತುಕೊಂಡು ಹೋದ ಮೇಲೆ ಮಾದೇಶ ಸಂತೆಯಲ್ಲಿ ಕೊಂಡು ತಂದು ಹಾಕಿಸಿದ್ದು. ಕತ್ತಲಾದರೆ ತಾನೇ ಹತ್ತಿಕೊಳ್ಳುತ್ತದೆ, ಬೆಳಕಾದರೆ ತಾನೇ ಆರುತ್ತದೆ. ಹೆಂಗಸೊಬ್ಬಳೇ ಇರುವ ಮನೆ, ಸ್ವಿಚ್ಚು ಹಾಕಲೂ ಹೊರಗೆ ಬರಬೇಕಾಗಿಲ್ಲ ಎಂದು ಅದನ್ನೇ ತಂದಿದ್ದ. ಯುಪಿಎಸ್‌ಗೆ ಅದನ್ನು ಸೇರಿಸಿರಲಿಲ್ಲ.

ರುದ್ರಸ್ವಾಮಿ ಏಣಿ ಹಾಕಿ ಹತ್ತಿದ. ದೀಪದ ಮೂಲೆಯಲ್ಲಿ ಬೆಳಕು ನೋಡುವ ಒಂದು ಸಣ್ಣ ಗಾಜಿನ ಕಣ್ಣಿತ್ತು. ಹೆಗಲ ಮೇಲಿನ ಟವಲನ್ನು ಮಡಚಿ ಅದರ ಮೇಲೆ ಮುಚ್ಚಿದ. ದೀಪಕ್ಕೆ ಕತ್ತಲಾಯಿತು ಅನ್ನಿಸಿ ಧಗ್ಗನೆ ಹತ್ತಿಕೊಂಡಿತು. ಇನ್ನೊಂದು ಕೈಯಲ್ಲಿದ್ದ ರೇಡಿಯೋ ಕಿವಿ ಕಿತ್ತುಹೋಗುವ ಹಾಗೆ ಅರಚಿತು.

"ಓಯ್ತು," ಎಂದು ಒಳಗಿನಿಂದ ಕೋಮಲ ಕೂಗಿದಳು.

ಟವಲು ತೆಗೆದ. ದೀಪ ಆರಿತು. ರೇಡಿಯೋ ತಣ್ಣಗಾಯಿತು.

"ಬಂತು."

ಮತ್ತೆ ಮುಚ್ಚಿದ, ಮತ್ತೆ ತೆಗೆದ. ಅವಳು ಓಯ್ತು ಅಂದಳು, ಬಂತು ಅಂದಳು. ಎಂಟು ಸಲ ಮಾಡಿದ. ಎಂಟು ಸಲವೂ ತಪ್ಪಲಿಲ್ಲ. ಮೋಡ ಮುಚ್ಚಿದ ದಿನ ಐದೂ ಇಪ್ಪತ್ತಕ್ಕೆ ಲೈನು ಹೋದದ್ದು ಯಾಕೆಂದು ಅವನಿಗೆ ಏಣಿಯ ಮೇಲೇ ಅರ್ಥವಾಯಿತು. ಮೋಡಕ್ಕೆ ದೀಪವೂ ಬೇಗ ಹತ್ತಿತ್ತು, ದನವೂ ಬೇಗ ಮನೆಗೆ ಬಂದಿತ್ತು. ಶಿವಯ್ಯನೂ ದೀಪವೂ ಒಂದೇ ಕತ್ತಲನ್ನು ನೋಡಿ ನಡೆಯುತ್ತಿದ್ದರು, ಅಷ್ಟೆ.

ಅಗ್ಗದ ದೀಪ, ಒಳಗಿನ ಸರ್ಕ್ಯೂಟು ಕಳಪೆ. ಹತ್ತಿದಾಗಲೆಲ್ಲ ಅದು ಸುತ್ತಮುತ್ತ ಗದ್ದಲ ಎಬ್ಬಿಸುತ್ತಿತ್ತು. ಆದರೆ ಆ ಗದ್ದಲ ಇಂಟರ್ನೆಟ್ ಕೇಬಲ್ಲಿಗೆ ನುಗ್ಗಬೇಕಾದರೆ ಎರಡೂ ಒಂದಕ್ಕೊಂದು ತಗಲಿಕೊಂಡಿರಬೇಕು. ಅವನು ದೀಪದ ಹಿಂದೆ ಕೈ ಹಾಕಿದ. ಡಿಶ್ಶಿನ ಕೇಬಲ್ಲೂ ದೀಪದ ವೈರೂ ತಾರಸಿಯಿಂದ ಕಿಟಕಿಯವರೆಗೆ ಒಂದೇ ಕಟ್ಟಾಗಿ ಇಳಿದಿದ್ದವು. ಗೇಣಿಗೊಂದು ಪ್ಲಾಸ್ಟಿಕ್ ಟ್ಯಾಗ್ ಬಿಗಿದಿತ್ತು. ಮಿಕ್ಕಿದ್ದ ಎರಡು ಮಾರು ಕೇಬಲ್ಲನ್ನು ಸುರುಳಿ ಸುತ್ತಿ ದೀಪದ ಬೆನ್ನಿಗೇ ತೂಗುಹಾಕಿತ್ತು.

ಇದು ದೀಪ ಹಾಕಿದ ಎಲೆಕ್ಟ್ರಿಷಿಯನ್ ಮಾಡಿದ ಕೆಲಸ ಎಂದು ರುದ್ರಸ್ವಾಮಿಗೆ ಅನ್ನಿಸಿತು. ಅವನ ಹೆಸರು ಕೇಳಿ ಬರೆದುಕೊಳ್ಳಬೇಕೆಂದು ಕೆಳಗಿಳಿದ. ಮೊದಲು ತನ್ನ ಮೇಲೆ ಬರದಂತೆ ಸಾಕ್ಷಿ ಇರಲಿ ಎಂದು ಮೊಬೈಲಿನಲ್ಲಿ ಹಳೆಯ ಫೋಟೋ ಹುಡುಕಿದ. ನವೆಂಬರಿನಲ್ಲಿ, ಈ ದೂರು ಶುರುವಾಗುವ ಮುಂಚೆ, ಕೋತಿಗಳು ಡಿಶ್ಶನ್ನು ತಿರುಗಿಸಿದ್ದವೆಂದು ಸರಿಮಾಡಲು ಬಂದಿದ್ದ. ಅವತ್ತಿನ ಫೋಟೋ ಸಿಕ್ಕಿತು. ದೊಡ್ಡದು ಮಾಡಿ ನೋಡಿದ. ದೀಪ ಆಗಲೇ ಗೋಡೆಯ ಮೇಲಿತ್ತು. ಎರಡು ವೈರೂ ಒಂದೇ ಕಟ್ಟು. ಟ್ಯಾಗಿನ ಬಾಲವನ್ನು ಓರೆಯಾಗಿ ಕತ್ತರಿಸಿತ್ತು. ಹಾಗೆ ಓರೆಯಾಗಿ ಕತ್ತರಿಸುವುದು ತನ್ನ ಕೈಯ ಅಭ್ಯಾಸ. ಸುರುಳಿ ಸುತ್ತುವುದೂ ತನ್ನದೇ. ಈಗ ನೆನಪಾಯಿತು. ದೀಪದ ವೈರು ಗಾಳಿಗೆ ಜೋಲಾಡುತ್ತಿತ್ತು, ಇನ್ನೊಂದು ಸಾಲು ತೂತು ಕೊರೆಯಲು ಬೇಸರವಾಗಿತ್ತು, ಚೆಂದ ಕಾಣಲಿ ಎಂದು ಎರಡನ್ನೂ ಸೇರಿಸಿ ತಾನೇ ಬಿಗಿದಿದ್ದ.

ಆ ಫೋಟೋವನ್ನು ಅಳಿಸಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೆರಳು ಅಲ್ಲಿಗೆ ಹೋಗಿದ್ದೂ ನಿಜ. ಹಿತ್ತಲಿನ ಕಲ್ಲಿನ ಮೇಲೆ ಬಹಳ ಹೊತ್ತು ಕೂತಿದ್ದ. ಕೋಮಲ ಬೆನ್ನಿಗೆ ಕೈ ಕೊಟ್ಟುಕೊಂಡು ನಿಧಾನವಾಗಿ ಹೊರಗೆ ಬಂದು ಏನು ಸಿಕ್ಕಿತು ಅಣ್ಣ ಎಂದು ಕೇಳಿದಾಗ ಮೊಬೈಲನ್ನು ಅವಳ ಕೈಗೆ ಕೊಟ್ಟ.

"ಕಟ್ಟಿದ್ದು ನಾನೇ ಕಣವ್ವ," ಎಂದ.

ಅವಳು ಫೋಟೋ ನೋಡಿದಳು, ಗೋಡೆ ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ. ಮೊದಲು ಸರಿ ಮಾಡಿ, ಐದಕ್ಕೆ ಪಾಳಿ ಶುರುವಾಗುತ್ತದೆ ಎಂದಷ್ಟೇ ಅಂದಳು.

ಟ್ಯಾಗುಗಳನ್ನೆಲ್ಲ ಕತ್ತರಿಸಿ ಹಳೆಯ ಕೇಬಲ್ ಕಿತ್ತುಹಾಕಿದ. ಮೇಲೆ ಲೋಹದ ಹೊದಿಕೆಯಿರುವ ಹೊಸ ಕೇಬಲ್ಲನ್ನು ಮನೆಯ ಮುಂಭಾಗದಿಂದ, ದೀಪಕ್ಕೆ ಬೆನ್ನು ತಿರುಗಿಸಿದ ಗೋಡೆಯ ಮೇಲೆ ಇಳಿಸಿದ. ದೀಪದ ವೈರಿಗೆ ಗದ್ದಲ ತಡೆಯುವ ಒಂದು ಕಪ್ಪು ಉಂಗುರ ತೊಡಿಸಿದ. ಚಿರತೆಯ ಭಯವಿರುವ ಮನೆಯಲ್ಲಿ ದೀಪ ತೆಗೆಯುವಂತಿರಲಿಲ್ಲ. ಮುಂದೆ ಬದಲಾಯಿಸುವಾಗ ಒಳ್ಳೆಯದನ್ನೇ ತರಬೇಕೆಂದು ಹೇಳಿದ. ಅಂದು ಆರು ಹತ್ತಕ್ಕೆ ದೀಪ ಹತ್ತಿತು. ಮುಂದಿನ ಕೋಣೆಯಲ್ಲಿ ಕೋಮಲ ಯಾರಿಗೋ ತಮಿಳಿನಲ್ಲಿ, ಮಗುವಿನ ಹಣೆಗೆ ಒದ್ದೆ ಬಟ್ಟೆ ಇಡುವುದನ್ನು ಹೇಳಿಕೊಡುತ್ತಿದ್ದಳು. ಮಾತು ನಡುವೆ ಕಡಿಯಲಿಲ್ಲ. ಏಳರವರೆಗೂ ಅವನು ಜಗಲಿಯ ಮೇಲೆ ಕೂತು ಕೇಳಿಸಿಕೊಂಡ.

ಶಿವಯ್ಯ ಯಳಂದೂರಿನಿಂದ ವಾಪಸ್ಸು ಬಂದ ದಿನವನ್ನು ಕೋಮಲಳಿಂದ ತಿಳಿದುಕೊಂಡು, ಮಾರನೆಯ ಸಂಜೆ ಡೇರಿಗೆ ಹಾಲು ಬರುವ ಹೊತ್ತಿಗೇ ರುದ್ರಸ್ವಾಮಿ ಹೋದ. ಆಡಿದ್ದು ಎಲ್ಲಿಯೋ ತಿದ್ದುವುದೂ ಅಲ್ಲಿಯೇ ಆಗಬೇಕು ಎಂದು ದಾರಿಯಲ್ಲಿ ಗಟ್ಟಿ ಮಾಡಿಕೊಂಡಿದ್ದ. ಕ್ಯಾನು ಹಿಡಿದು ನಿಂತವರ ಮುಂದೆ, ತಪ್ಪು ತನ್ನದು, ತಾನು ಕಟ್ಟಿದ ಕಟ್ಟಿನದು, ಯಜಮಾನರದು ಏನೂ ಇಲ್ಲ ಎಂದ. ಫೋಟೋವನ್ನೂ ತೋರಿಸಿದ. ಕೆಲವರು ನೋಡಿದರು, ಕೆಲವರಿಗೆ ಹಾಲಿನದೇ ಚಿಂತೆ. ಶಿವಯ್ಯ ಸಾಲಿನ ಕೊನೆಯಲ್ಲಿದ್ದ. ಎಲ್ಲ ಮುಗಿಯುವವರೆಗೂ ಕೇಳಿಸಿಕೊಂಡ.

"ನೀ ಅವತ್ತು ಏಳಿದ್ದು ನಾಲ್ಕೂರು ಸುತ್ತಿ ಯಳಂದೂರಿಗೂ ಬಂದಿತ್ತು. ಅಳಿಯ ಕೇಳ್ದ, ಏನ್ ಮಾವ ಇದು ಅಂತ. ಇವತ್ತು ಏಳಿದ್ದು ಈ ಡೇರಿ ದಾಟ್ತದಾ?"

ರುದ್ರಸ್ವಾಮಿಗೆ ಗೊತ್ತಿತ್ತು, ದಾಟುವುದಿಲ್ಲ. ರಾಗಿಯೊಳಗೆ ಏನೂ ಸಿಗಲಿಲ್ಲ ಎಂಬ ತನ್ನ ಮಾತೂ ಅಂದು ಮನೆಯ ಹೊಸಿಲು ದಾಟಿರಲಿಲ್ಲ. "ತಪ್ಪಾಯ್ತು ಬುದ್ದಿ," ಎಂದಷ್ಟೇ ಹೇಳಿದ. ತಾಮ್ರದ ಕೇಬಲ್ಲಿನ ಕಥೆ ಹೇಳಿಕೊಳ್ಳಬೇಕು, ನಾನೂ ಈ ನೋವು ತಿಂದವನು ಎನ್ನಬೇಕು ಅನ್ನಿಸಿತು. ಹೇಳಲಿಲ್ಲ. ತಿಂದೂ ತಿಂದೂ ಇನ್ನೊಬ್ಬನಿಗೆ ತಿನ್ನಿಸಿದೆಯಲ್ಲ ಎಂದು ಆತ ಕೇಳಿದರೆ ಏನು ಹೇಳುವುದು?

ಶಿವಯ್ಯ ಹಾಲು ಅಳೆಸಿ ಖಾಲಿ ಕ್ಯಾನು ಹಿಡಿದು ಬೀದಿ ದಾಟಿದ. ಬಾಗಿಲ ಹತ್ತಿರ ನಿಂತು ಹಿಂದಿರುಗಿ ನೋಡಿದ.

"ಆ ದೀಪ ನಮ್ ಕೊಟ್ಗೆಗೆ ಒಡೀತದೆ. ದನ ಮಲಗಾಕಿಲ್ಲ. ತಿರುಗ್ಸಕಾದ್ರೆ ತಿರುಗ್ಸು," ಎಂದು ಒಳಗೆ ಹೋದ.

ರುದ್ರಸ್ವಾಮಿ ಬೈಕಿನಿಂದ ಏಣಿ ಬಿಚ್ಚಿದ. ದೀಪವನ್ನು ಎಷ್ಟು ತಿರುಗಿಸಿದರೆ ಕೊಟ್ಟಿಗೆಗೆ ಬೀಳುವುದಿಲ್ಲ ಎಂದು ಮೇಲಿನಿಂದ ಅವನಿಗೆ ಗೊತ್ತಾಗುವಂತಿರಲಿಲ್ಲ. ಆಚೆಯಿಂದ ಯಾರಾದರೂ ಹೇಳಬೇಕಿತ್ತು. ಕೋಮಲ ಪಾಳಿಯಲ್ಲಿದ್ದಳು. ಅಂದಾಜಿನ ಮೇಲೆ ತಿರುಗಿಸುತ್ತಿದ್ದಾಗ ಗೋಡೆಯಾಚೆಯಿಂದ ಶಿವಯ್ಯನ ಹೆಂಡತಿ, ಇನ್ನೊಸಿ ಈ ಕಡೆ, ಇನ್ನೊಸಿ, ಸಾಕು ಎಂದಳು.

ಆ ಭಾನುವಾರ ಕೋಮಲ ಗಂಡನನ್ನು ಕರೆದುಕೊಂಡು ನಾಲ್ಕು ವರ್ಷದ ಮೇಲೆ ಸಣ್ಣಮಾವನ ಮನೆಗೆ ಹೋದಳಂತೆ. ಬೆನ್ನುನೋವಿನವಳೆಂದು ಕುರ್ಚಿ ಹಾಕಿ ಕೂರಿಸಿದರಂತೆ. ಚರಂಡಿಯ ಮಾತು ಮಾತ್ರ ಅವತ್ತೂ ಬಗೆಹರಿಯಲಿಲ್ಲ. ಇದನ್ನು ಅವಳೇ ರುದ್ರಸ್ವಾಮಿಗೆ ಫೋನಿನಲ್ಲಿ ಹೇಳಿದ್ದು.

ರುದ್ರಸ್ವಾಮಿ ಈಗಲೂ ಆ ರಸ್ತೆಯಲ್ಲಿ ಓಡಾಡುತ್ತಾನೆ. ಲೈನು ಕೆಟ್ಟ ಮನೆಗೆ ಹೋದರೆ ಮೊದಲು ಹೊರಗಿನ ದೀಪ ಎಲ್ಲಿದೆ ಎಂದು ಕೇಳುತ್ತಾನೆ. ದಾರಿಯಲ್ಲಿ ಎದುರಾದಾಗ ಶಿವಯ್ಯ ಅವನನ್ನು ನೋಡಿ ನಗುವುದಿಲ್ಲ, ಮುಖವನ್ನೂ ತಿರುಗಿಸುವುದಿಲ್ಲ. ತನ್ನ ದನಗಳು ಬೈಕಿಗೆ ಅಡ್ಡ ಬಂದರೆ ಕೋಲಿನಿಂದ ಪಕ್ಕಕ್ಕೆ ತಳ್ಳಿ ದಾರಿ ಬಿಡುತ್ತಾನೆ.